ತಲೆ ಕಡೆ ಪಟ್ಟೆ, ಬಾಲದ ಕಡೆ ಪಟ್ಟೆ

ನಮ್ಮ ಶಾಲೆಯ ವಿಜ್ಞಾನ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಅದರ ಕೆಳಗೆ ಹಳೇ ಮಕ್ಕಳೆಲ್ಲ ಸಾಲಾಗಿ ಕೈಮುಗಿದರು. ಕೆಲವರು ‘ನಮ್ಮ ಚಿಟ್ಟೆ ಮೇಷ್ಟ್ರು’ ಎಂದು ಬರೆದರು, ಕೆಲವರು ‘ಹಾವಿನ ಮೇಷ್ಟ್ರು’ ಎಂದರು. ಸರೋಜಕ್ಕನ ಹೆಸರನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಸದ್ಯ, ಒಳ್ಳೆಯದೇ ಆಯಿತು ಎಂದು ನನ್ನ ಮನಸ್ಸು ಹೇಳಿತು. ಹಾಗೆ ಹೇಳಿದ ಮನಸ್ಸನ್ನು ಕಂಡು ನನಗೇ ಹೇಸಿಗೆಯಾಯಿತು.

ಸರೋಜಕ್ಕ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ಆರು ವರ್ಷದ ಹಿಂದೆ ಹಾವು ಕಚ್ಚಿ ಸತ್ತರು. ಅವತ್ತು ಮೇಷ್ಟ್ರು ‘ಆಸ್ಪತ್ರೆಗೆ ನಡಿ’ ಎಂದಿದ್ದರೆ ಬದುಕುತ್ತಿದ್ದರೋ ಏನೋ. ಮೇಷ್ಟ್ರು ಅನ್ನಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಅನ್ನಲಿಲ್ಲ. ಇದು ನಮ್ಮಿಬ್ಬರ ನಡುವೆಯೇ ಉಳಿದ ಸಂಗತಿ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ಈಗ ಮೇಷ್ಟ್ರೂ ಇಲ್ಲ. ಬರೆದರೆ ಅವರಿಗೆ ನೋವಾಗುತ್ತದೆ ಎಂಬ ನೆಪವೂ ಇಲ್ಲ.

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟಕ್ಕೆ ಅಂಟಿಕೊಂಡಂತೆ ಇರುವ ಸರ್ಕಾರಿ ಶಾಲೆ ನಮ್ಮದು. ನಾನು ಅಲ್ಲಿ ಕನ್ನಡ ಟೀಚರು. ಮೇಷ್ಟ್ರು ವರ್ಗವಾಗಿ ಬಂದ ಮೊದಲ ದಿನ ಅವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಬಳಿದ ಮಾಸಲು ಹಳದಿ ಯಾವುದೋ, ಅವರ ಷರ್ಟಿನದ್ದೂ ಅದೇ. ವಾರದ ಆರು ದಿನವೂ ಅಂಥದ್ದೇ.

“ಏನ್ ಸರ್, ಸಾಹೇಬ್ರು ತಪಾಸಣೆಗೆ ಬಂದ್ರೆ ಗೋಡೆಗೆ ಒರಗಿ ನಿಂತುಬಿಡೋ ಪ್ಲಾನಾ?” ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ.

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ಒಂದು ಗಳಿಗೆ ನೋಡಿದರು. ಹತ್ತಿರದ್ದನ್ನು ನೋಡಬೇಕಾದಾಗ ಕನ್ನಡಕ ಹಣೆಗೆ ಹೋಗುವುದು ಅವರ ಅಭ್ಯಾಸ. “ಪರವಾಗಿಲ್ಲ ಟೀಚರ್, ನಿಮ್ಮ ಕಣ್ಣು ಚುರುಕು. ನೀವು ಹಕ್ಕಿಯಾಗಿ ಹುಟ್ಟಿದ್ರೆ ನಾನು ಉಳೀತಿರ್ಲಿಲ್ಲ” ಎಂದರು. ಅಂದಿನಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು.

ಅವರು ಮಡಿಕೇರಿಯ ಆಚೆ ಕಡೆಯ ಗೌಡರು, ಮನೆಮಾತು ಅರೆಭಾಷೆ. ಪಾಠ ಮಾಡುವಾಗ ಪುಸ್ತಕದ ಕನ್ನಡವೇ. ಆದರೆ ಖುಷಿಯಾದರೆ, ಗಾಬರಿಯಾದರೆ ಅರೆಭಾಷೆ ತಾನಾಗಿ ಹೊರಗೆ ಬೀಳುತ್ತಿತ್ತು. ಮಕ್ಕಳನ್ನು ತೋಟದ ಅಂಚಿಗೆ ಕರೆದೊಯ್ದು ನಿಲ್ಲಿಸಿ, “ಈ ಗಿಡದಲ್ಲಿ ಒಂದು ಜೀವ ಉಟ್ಟು, ಹುಡುಕಿ” ಎನ್ನುತ್ತಿದ್ದರು. ‘ಉಟ್ಟು’ ಎಂದರೆ ‘ಇದೆ’. ಮಕ್ಕಳು ಕಾಲು ಗಂಟೆ ಹುಡುಕಿ ಸೋತ ಮೇಲೆ ಒಂದು ಒಣ ಕಡ್ಡಿಯನ್ನು ಮೆಲ್ಲನೆ ಊದುವರು. ಕಡ್ಡಿ ಕಾಲು ಚಾಚಿ ನಡೆಯತೊಡಗುತ್ತಿತ್ತು. ಮಕ್ಕಳು ಕಿರುಚಿ ಹಿಂದೆ ಸರಿದರೆ ಮೇಷ್ಟ್ರು ತಾವೇ ಆ ಹುಳುವನ್ನು ಮಾಡಿದವರ ಹಾಗೆ ಬೀಗುತ್ತಿದ್ದರು.

ಒಮ್ಮೆ ಒಣಗಿದ ಎಲೆಯೊಂದನ್ನು ತೋರಿಸಿದರು. ನಡುವಿನ ನರ, ಅಂಚಿನ ಕೊಳೆ, ಎಲ್ಲಾ ಇದ್ದ ಎಲೆ. ಮುಟ್ಟಲು ಹೋದರೆ ಅದು ರೆಕ್ಕೆ ಬಿಚ್ಚಿ ನೀಲಿಯಾಗಿ ಹಾರಿತು.

“ಈ ಚಿತ್ರ ಬಿಡಿಸಿದ್ದು ಯಾರು?” ಎಂದು ಕೇಳಿದರು.

“ದೇವರು ಸಾರ್.”

“ಹಕ್ಕಿಗಳು” ಎಂದರು ಮೇಷ್ಟ್ರು. “ಇದರ ಅಜ್ಜ ಮುತ್ತಜ್ಜಂದಿರಲ್ಲಿ ಥರಾವರಿ ಇದ್ದವು. ಸ್ವಲ್ಪ ಎದ್ದು ಕಂಡದ್ದನ್ನ ಹಕ್ಕಿ ತಿಂತು. ಸ್ವಲ್ಪ ಎಲೆ ಹಾಗೆ ಕಂಡದ್ದು ತಪ್ಪಿಸ್ಕೊಂಡು ಮೊಟ್ಟೆ ಇಟ್ಟಿತು. ಅದರ ಮಕ್ಕಳಲ್ಲೂ ಅದೇ ಕಥೆ. ಲಕ್ಷಾಂತರ ವರ್ಷ ತಿಂದು ತಿಂದು ಕೊನೆಗೆ ತಿನ್ನದೆ ಬಿಟ್ಟದ್ದು ಈ ಚಿತ್ರ. ಇದರಲ್ಲಿ ಚಿಟ್ಟೆಯ ಜಾಣತನ ಎಂಥದೂ ಇಲ್ಲೆ. ಸತ್ತವುಗಳ ಲೆಕ್ಕ ನಮಗೆ ಕಾಣೋದಿಲ್ಲ ಅಷ್ಟೆ.”

ಅವತ್ತು ಆ ಮಾತು ನನಗೆ ಬಹಳ ಚಂದ ಕಂಡಿತ್ತು.

ಸರೋಜಕ್ಕನಿಗೂ ಅವರಿಗೂ ಮೊದಲು ಜಗಳವೇ ಆದದ್ದು. ಅಡುಗೆ ಕೋಣೆಯ ಹಿಂದೆ ಒಂದು ಕರಿಬೇವಿನ ಗಿಡ ಇತ್ತು. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತದೆ ಎಂದು ಸರೋಜಕ್ಕ ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ನೀರು ತಂದು ಗಿಡಕ್ಕೆ ಎರಚುತ್ತಿದ್ದರು. ಮೇಷ್ಟ್ರು ಓಡಿ ಬಂದು ಗಿಡಕ್ಕೆ ಅಡ್ಡ ನಿಂತರು.

“ಅಯ್ಯೋ, ಅದು ಹಿಕ್ಕೆ ಅಲ್ಲ ಮಾರಾಯ್ತಿ! ಹುಳ! ಚಿಟ್ಟೆ ಹುಳ!”

“ಹಿಕ್ಕೆಯಾದ್ರೂ ತೊಳೆದ್ರೆ ಹೋಗುತ್ತೆ ಸಾರ್. ಹುಳ ಅಂದ್ಮೇಲೆ ಇಡೀ ಗಿಡಾನೇ ಕಡೀತೀನಿ” ಎಂದು ಸರೋಜಕ್ಕ ಕತ್ತಿ ತರಲು ಹೊರಟರು. “ನಾಳೆ ಮಕ್ಳ ಸಾಂಬಾರಲ್ಲಿ ಹುಳ ಬಂದ್ರೆ ಇವ್ರ ಅಪ್ಪ ಅಮ್ಮ ಯಾರನ್ನ ಕೇಳ್ತಾರೆ? ನಿಮ್ಮನ್ನಾ, ನನ್ನನ್ನಾ?”

ಸರೋಜಕ್ಕ ತೋಟದ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ತೋಟದಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಜಗಳಕ್ಕೆ ಮೂರೂ ಸೇರುತ್ತಿದ್ದವು. ಕೊನೆಗೆ ರಾಜಿಯಾಯಿತು. ಕೆಳಗಿನ ಕೊಂಬೆ ಸಾಂಬಾರಿಗೆ, ಮೇಲಿನದು ಹುಳಕ್ಕೆ. ಹದಿನೈದು ದಿನ ಕಳೆದು ಮೇಲಿನ ಕೊಂಬೆಯಿಂದ ಕರಿ ಚಿಟ್ಟೆಯೊಂದು ಹೊರಬಂದಾಗ ಮೇಷ್ಟ್ರು ಮೊದಲು ಕೂಗಿದ್ದು ಸರೋಜಕ್ಕನನ್ನೇ. ಅದು ವಿಷವಿಲ್ಲದ ಹೆಣ್ಣು ಚಿಟ್ಟೆ, ಆದರೆ ರೆಕ್ಕೆಯ ಮೇಲೆ ವಿಷದ ಗುಲಾಬಿ ಚಿಟ್ಟೆಯ ಕೆಂಪು ಚುಕ್ಕೆ ಹೊತ್ತು ತಿರುಗುತ್ತದೆ, ಗುಲಾಬಿ ಚಿಟ್ಟೆ ತಿಂದು ವಾಂತಿ ಮಾಡಿದ ಹಕ್ಕಿ ಇದನ್ನೂ ಮುಟ್ಟುವುದಿಲ್ಲ ಎಂದು ವಿವರಿಸಿದರು.

“ಅಂದ್ರೆ ಸುಳ್ಳುಗಾರಿ ಅನ್ನಿ” ಎಂದು ಸರೋಜಕ್ಕ ಸೊಂಟಕ್ಕೆ ಕೈಕೊಟ್ಟು ನಕ್ಕರು.

ಅಂದಿನಿಂದ ಅವರು ಮೇಷ್ಟ್ರ ಶಿಷ್ಯೆ. ಒಗ್ಗರಣೆ ಹಾಕಿ ಬಂದು ಏಳನೇ ತರಗತಿಯ ಬಾಗಿಲಲ್ಲಿ ನಿಂತು ಪಾಠ ಕೇಳುವರು. ಮೇಷ್ಟ್ರು ಪ್ರಶ್ನೆ ಕೇಳಿದರೆ ಮಕ್ಕಳಿಗಿಂತ ಮುಂಚೆ ಉತ್ತರ ಹೇಳಿಬಿಡುವರು. ಮೂರನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ಅವರು. ಮೇಷ್ಟ್ರು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ, “ಟೀಚರ್, ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನ ಪೂರ್ತಿ ನಂಬಿದೋರು ಇವರೊಬ್ಬರೇ.”

ನಂಬಿಕೆಯೇ ಮುಳುವಾಯಿತು.

ಶಾಲೆಯ ಉಗ್ರಾಣಕ್ಕೆ ಹಾವು ಬರುವುದು ಹೊಸದೇನಲ್ಲ. ಅಕ್ಕಿಗೆ ಇಲಿ, ಹಲ್ಲಿ, ಅವುಗಳ ಹಿಂದೆ ಹಾವು. ಮೊದಲೆಲ್ಲ ಕಂಡ ತಕ್ಷಣ ಹೊಡೆದು ಸುಡುತ್ತಿದ್ದರು. ಕರಿ ಮೈಗೆ ಬಿಳಿ ಪಟ್ಟೆ ಇದ್ದರಂತೂ ಕೇಳಬೇಡಿ, ಕಟ್ಟುಹಾವು ಕಟ್ಟುಹಾವು ಎಂದು ಇಡೀ ಲೈನೇ ದೊಣ್ಣೆ ಹಿಡಿದು ಬರುತ್ತಿತ್ತು. ಕಟ್ಟುಹಾವಿನ ವಿಷ ಅಂಥದ್ದು. ಆದರೆ ಹಾಗೆ ಸಾಯುತ್ತಿದ್ದದ್ದು ಹೆಚ್ಚಾಗಿ ತೋಳಹಾವುಗಳು. ಹಲ್ಲಿ ತಿಂದು ಬದುಕುವ, ವಿಷವಿಲ್ಲದ ಬಡಪಾಯಿ ಹಾವು ಅದು. ಕಟ್ಟುಹಾವಿನ ಪಟ್ಟೆಯನ್ನೇ ಹಾಕಿಕೊಂಡು ಬೇರೆ ಪ್ರಾಣಿಗಳಿಂದ ಬಚಾವಾಗುತ್ತದೆ, ಅದೇ ಪಟ್ಟೆಯಿಂದ ಮನುಷ್ಯರ ಕೈಯಲ್ಲಿ ಸಾಯುತ್ತದೆ. ಮೇಷ್ಟ್ರಿಗೆ ಇದು ಸಹಿಸಲಾಗುತ್ತಿರಲಿಲ್ಲ. ಒಂದು ದೊಡ್ಡ ರಟ್ಟಿನ ಮೇಲೆ ಎರಡು ಹಾವು ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸಿದರು. ಕೆಳಗೆ ದಪ್ಪಕ್ಷರದಲ್ಲಿ: ‘ತಲೆ ಕಡೆ ಪಟ್ಟೆ ಸ್ಪಷ್ಟ, ತೋಳಹಾವು. ಬಾಲದ ಕಡೆ ಪಟ್ಟೆ ಸ್ಪಷ್ಟ, ಕಟ್ಟುಹಾವು.’

ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಸರೋಜಕ್ಕ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು.

ಕಟ್ಟುಹಾವಿನ ಮರಿಗಳಿಗೆ ಈ ನಿಯಮ ಪೂರ್ತಿ ಹೊಂದುವುದಿಲ್ಲ. ಮರಿಯಾಗಿದ್ದಾಗ ಮುಂಭಾಗದಲ್ಲೂ ಬಿಳಿ ಗುರುತುಗಳು ಇರುತ್ತವೆ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೆ ಅವರೇ ಹೇಳಿದ್ದರು. “ಹಾಗಾದ್ರೆ ಅದನ್ನೂ ಬರೀರಿ ಸರ್” ಎಂದಿದ್ದೆ. “ಬೇಡ ಟೀಚರ್. ಒಂದು ನಿಯಮ ಕೊಟ್ರೆ ನೆನಪಿರುತ್ತೆ. ನಿಯಮಕ್ಕೆ ಬಾಲ ಕಟ್ಟಿದ್ರೆ ಎರಡೂ ಮರೀತಾರೆ” ಎಂದರು. ಮೇಷ್ಟ್ರಾದವರು ಯಾರಾದರೂ ಹಾಗೇ ಮಾಡುತ್ತಾರೆ. ಸಂಧಿ ಪಾಠದಲ್ಲಿ ನಾನು ಬಿಟ್ಟ ಅಪವಾದಗಳು ಎಷ್ಟಿಲ್ಲ! ನನ್ನ ಸಂಧಿಗೆ ಯಾರೂ ಸಾಯಲಿಲ್ಲ ಅಷ್ಟೆ.

ಅವತ್ತು ಶುಕ್ರವಾರ. ಹನ್ನೊಂದು ಗಂಟೆಗೆ ಸರೋಜಕ್ಕ ನಮಗೆ ಟೀ ತಂದರು. ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇದ್ದದ್ದು ಮೇಷ್ಟ್ರು ಮತ್ತು ನಾನು ಇಬ್ಬರೇ. ಲೋಟ ಇಟ್ಟು, ಬಲಗೈ ಬೆರಳು ಮುಂದೆ ಚಾಚಿದರು.

“ಸಾರ್, ಇವತ್ತು ನಿಮ್ಮ ಸುಳ್ಳುಗಾರ ನನ್ನ ಕಚ್ಚೇಬಿಟ್ಟ!”

ಅಕ್ಕಿ ಮೂಟೆಯ ಹಿಂದೆ ಇತ್ತಂತೆ. ಸಣ್ಣದು. ಬರಿಗೈಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ, ಬೇಲಿಯಾಚೆ ಬಿಟ್ಟು ಬಂದರಂತೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬೆರಳು ನೋಡಿದರು. ಊತ ಇರಲಿಲ್ಲ, ಗುರುತೂ ಸರಿಯಾಗಿ ಕಾಣಲಿಲ್ಲ.

“ಪಟ್ಟೆ ತಲೆ ಕಡೆ ಇತ್ತಾ?”

“ಇತ್ತು ಸಾರ್. ನೋಡಿದ್ಮೇಲೇ ಹಿಡಿದದ್ದು. ನಾನೇನು ದಡ್ಡೀನಾ?”

“ಹಾಗಾದ್ರೆ ತೋಳನೇ. ಅದಕ್ಕೆ ಸಿಟ್ಟು ಜಾಸ್ತಿ, ಮುಟ್ಟಿದ್ರೆ ಕಚ್ಚುತ್ತೆ. ಕಟ್ಟುಹಾವು ಹಗಲು ಹೊತ್ತು ಸುರುಳಿ ಸುತ್ಕೊಂಡು ಬಿದ್ದಿರುತ್ತೆ, ಸುಮ್ಮನೆ ಕಚ್ಚೋದಿಲ್ಲ. ಸೋಪು ಹಾಕಿ ತೊಳ್ಕೊಳ್ಳಿ.”

“ನೋವೇ ಇಲ್ಲ ಸಾರ್” ಎಂದರು ಸರೋಜಕ್ಕ.

ನಾನು ನಗುತ್ತಾ, “ನಿಮ್ಮ ಕೈ ರುಚಿ ನೋಡಿ ಹಾವು ಓಡಿಹೋಗಿರ್ಬೇಕು” ಎಂದೆ. ಮೂವರೂ ನಕ್ಕೆವು. ಅವರು ಹೋಗಿ ತರಕಾರಿ ಹೆಚ್ಚಿದರು, ಸಾಂಬಾರು ಕುದಿಸಿದರು, ಮಕ್ಕಳಿಗೆ ಬಡಿಸಿದರು. ಮಧ್ಯಾಹ್ನ ಪಾತ್ರೆ ತೊಳೆಯುವಾಗ ‘ಯಾಕೋ ಕಣ್ಣು ಎಳೀತಿದೆ’ ಎಂದರಂತೆ. ರಾತ್ರಿ ನಿದ್ದೆ ಸರಿಯಾಗಿಲ್ಲದೆ ಇರಬಹುದು ಎಂದುಕೊಂಡು ಸ್ವಲ್ಪ ಬೇಗ ಮನೆಗೆ ಹೋದರು. ನಡೆದುಕೊಂಡೇ ಹೋದರು.

ಸಂಜೆ ಆರರ ಸುಮಾರಿಗೆ ಹೆಡ್‌ಮೇಷ್ಟ್ರ ಫೋನು. ಸರೋಜಕ್ಕನಿಗೆ ರೆಪ್ಪೆ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ, ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ ಎಂದರು. ನಾನು ಮೇಷ್ಟ್ರಿಗೆ ಫೋನು ಮಾಡಿದೆ.

“ನೋವಿಲ್ಲ ಅಂದ್ರಲ್ಲ ಟೀಚರ್” ಎಂದರು. “ತೋಳಹಾವು ಕಚ್ಚಿದ್ರೆ ನೋಯುತ್ತೆ. ನೋವಿಲ್ಲದೆ ಕಚ್ಚೋದು ಕಟ್ಟುಹಾವು. ನಂಗೆ ಗೊತ್ತುಟ್ಟು. ನಂಗೆ ಗೊತ್ತುಟ್ಟು ಅದು.”

ಸರೋಜಕ್ಕ ದಾರಿಯಲ್ಲೇ ಹೋದರು.

ಮರುದಿನ ಪೊಲೀಸರು ಬಂದರು. ಮೂಟೆ ಎತ್ತುವಾಗ ಏನೋ ಕಚ್ಚಿರಬೇಕು, ಸರೋಜಕ್ಕನಿಗೇ ತಿಳಿದಿಲ್ಲ ಎಂದು ಹೆಡ್‌ಮೇಷ್ಟ್ರು ಹೇಳಿದರು. ಪೊಲೀಸರು ಹಾಗೇ ಬರೆದುಕೊಂಡು ಹೋದರು. ಮೇಷ್ಟ್ರು ಬಾಗಿಲ ರಟ್ಟನ್ನು ಕಿತ್ತು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು, “ಮಣಿಯ ಹತ್ತಿರ ಹೋಗಿ ಹೇಳಿ ಬರ್ತೇನೆ. ಅವರು ಬಂದು ಕೈ ತೋರಿಸಿದ್ರು, ನಾನೇ ಏನೂ ಆಗಲ್ಲ ಅಂದೆ ಅಂತ” ಎಂದರು. ಮಣಿ ಎಂದರೆ ಸರೋಜಕ್ಕನ ಗಂಡ, ಅದೇ ತೋಟದಲ್ಲಿ ಕೆಲಸಕ್ಕಿದ್ದವರು.

ಹುಟ್ಟಿದಾಗಿನಿಂದ ಬಾಯಿಬಡುಕಿ ಎನ್ನಿಸಿಕೊಂಡ ನಾನು ಆವತ್ತು ಹೇಳಿದೆ, “ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸರ್.”

ಎರಡು ವರ್ಷ ಸರ್ವಿಸ್ ಇದೆ, ಅಮಾನತು ಮಾಡುತ್ತಾರೆ ಎಂದೆ. ಲೈನಿನವರು ಕೈಕಾಲು ಮುರಿಯುತ್ತಾರೆ ಎಂದೆ. ಹೇಳಿದರೆ ಸರೋಜಕ್ಕ ಎದ್ದು ಬರುತ್ತಾರಾ ಎಂದೂ ಕೇಳಿದೆ. ಎಲ್ಲವೂ ಅವರ ಒಳ್ಳೆಯದಕ್ಕೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಹೇಳಿದರೆ ‘ಆಗ ಅಲ್ಲಿ ಮತ್ತೆ ಯಾರಿದ್ದರು’ ಎಂದು ಕೇಳುತ್ತಿದ್ದರು. ನನ್ನ ಹೆಸರು ಬರುತ್ತಿತ್ತು. ನಾನು ನಕ್ಕಿದ್ದೂ ಬರುತ್ತಿತ್ತು.

ಅವರು ನನ್ನ ಮಾತು ಕೇಳಿದರು. ಎದುರು ಮಾತಾಡಿ ಗೊತ್ತಿದ್ದ ಜೀವವೇ ಅಲ್ಲ ಅದು.

ಉಳಿದ ಎರಡು ವರ್ಷ ಪಾಠ ಮಾಡಿದರು, ಮಾಡಲಿಲ್ಲ ಎನ್ನುವಂತಿಲ್ಲ. ತೋಟಕ್ಕೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಆ ಪಾಠ ಬಂದಾಗ ಪುಸ್ತಕ ನೋಡಿ ಓದಿ ಮುಗಿಸಿದರು. ಕರಿಬೇವಿನ ಗಿಡದ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ. ಒಂದು ದಿನ ಮೂತ್ರಿಯ ಗೋಡೆ ಪಕ್ಕ ಪಟ್ಟೆ ಹಾವು ಕಂಡಿತು. ಮಕ್ಕಳು ಕೂಗಿದರು. ಮೇಷ್ಟ್ರು ಬಂದು, ಬಗ್ಗಿ, ಚೆನ್ನಾಗಿ ನೋಡಿ, ಆಮೇಲೆ ಗುದ್ದಲಿ ತಗೊಂಡು ಒಂದೇ ಏಟಿಗೆ ಕೊಂದರು. ಮಕ್ಕಳೆಲ್ಲ ಬೆಪ್ಪಾಗಿ ನಿಂತರು.

“ಸರ್, ತೋಳಹಾವು ಅಲ್ವಾ?” ಎಂದೆ ನಾನು.

“ಹೌದು.”

“ಮತ್ತೆ?”

“ಹಕ್ಕಿ ಪರೀಕ್ಷೆ ಮಾಡೋದಿಲ್ಲ ಟೀಚರ್. ಪಟ್ಟೆ ಕಂಡ್ರೆ ದೂರ ಹೋಗುತ್ತೆ. ನಿಜವೋ ಸುಳ್ಳೋ ಅಂತ ಹತ್ತಿರ ಹೋಗಿ ನೋಡಿದ ಹಕ್ಕಿಗಳೆಲ್ಲ ಎಂದೋ ಸತ್ತವು. ಈ ಲೈನಿನವರಿಗೂ ಆ ಹೆದರಿಕೆ ಇತ್ತು, ಅಷ್ಟು ದಿನ ಕಾಪಾಡಿತ್ತು. ನಾನು ಓದಿದೋನು ಬಂದು ಅದನ್ನ ಬಿಡಿಸಿದೆ.” ಗುದ್ದಲಿ ಕೆಳಗಿಟ್ಟರು.

ಮಣಿಯಣ್ಣ ರಸ್ತೆಯಲ್ಲಿ ಎದುರಾದರೆ ಮೇಷ್ಟ್ರು ಯಾವುದಾದರೂ ಅಂಗಡಿಗೆ ನುಗ್ಗಿಬಿಡುತ್ತಿದ್ದರು. ಬಸ್ಸಿನಲ್ಲಿ ಕಂಡರೆ ಹಿಂದಿನ ಸ್ಟಾಪಿನಲ್ಲೇ ಇಳಿದು ಮಳೆಯಲ್ಲಿ ನಡೆದು ಬರುತ್ತಿದ್ದರು. ನಿವೃತ್ತರಾಗಿ ಊರಿಗೆ ಹೋದ ಮೇಲೂ ಬಿಡಲಿಲ್ಲ. ವರ್ಷಕ್ಕೆ ಒಂದೆರಡು ಸಲ ಫೋನು ಮಾಡುವರು. ಕಾಫಿ ಹೂವಾಯಿತಾ, ಮಳೆ ಹೇಗೆ, ಎಂದೆಲ್ಲ ಕೇಳಿ ಕೊನೆಗೆ ದನಿ ತಗ್ಗಿಸಿ, “ಟೀಚರ್, ಈಗಲಾದ್ರೂ ಹೋಗಿ ಹೇಳಲಾ?” ಎನ್ನುವರು.

“ಆರಿದ ಗಾಯ ಯಾಕೆ ಕೆರೀತೀರಿ ಸರ್? ಪಾಪ, ಅವರೂ ಮರೆತಿರ್ತಾರೆ” ಎಂದು ನಾನು ಪ್ರತಿ ಸಲವೂ ಹೇಳಿದೆ. “ಹೌದಾ? ನೀವು ಹೇಳ್ತೀರಿ ಅಂದ್ರೆ ಸರಿ” ಎಂದು ಇಟ್ಟುಬಿಡುವರು. ಈ ಸಲ ಕಾಫಿ ಹೂವಾಗುವ ಮುಂಚೆಯೂ ಕೇಳಿದ್ದರು. ಅದಾಗಿ ಸ್ವಲ್ಪ ದಿನಕ್ಕೇ ಎದೆನೋವು ಬಂದು ಹೋದರು. ಮನೆಯವರು ಹೇಳಿದರು, ಕೊನೆಕೊನೆಗೆ ಊಟಕ್ಕೆ ಕೂತರೆ ತಮ್ಮ ಬೆರಳನ್ನೇ ನೋಡುತ್ತಾ ಕೂತುಬಿಡುತ್ತಿದ್ದರಂತೆ.

ತಿಥಿಯ ಊಟ ಮುಗಿಸಿ ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಶಾಲೆಯ ಹತ್ತಿರ ಇಳಿದು ಲೈನಿನ ಕಡೆ ನಡೆದೆ. ಮಧ್ಯಾಹ್ನ ಮೂರೂವರೆ ಆಗಿತ್ತು. ಮಣಿಯಣ್ಣ ಮನೆ ಮುಂದೆ ಟಾರ್ಪಾಲಿನ ಮೇಲೆ ಒಳ್ಳೆಮೆಣಸು ಹರಡುತ್ತಿದ್ದರು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಒಳಗಿಂದ ಕುರ್ಚಿ ತಂದರು. ಬೆಲ್ಲದ ಕಾಪಿ ಮಾಡಿ ಕೊಟ್ಟರು. ಮೇಷ್ಟ್ರು ಹೋದ ಸುದ್ದಿ ಅವರಿಗೆ ತಿಳಿದಿತ್ತು.

“ಮಣಿಯಣ್ಣ, ನಿಮಗೊಂದು ವಿಷಯ ಹೇಳ್ಬೇಕು” ಎಂದು ಶುರು ಮಾಡಿದೆ. “ಆವತ್ತು ಸರೋಜಕ್ಕ ಮೇಷ್ಟ್ರಿಗೆ ಕೈ ತೋರಿಸಿದ್ರು...”

“ಗೊತ್ತು ಟೀಚರಮ್ಮ.”

ನಾನು ಲೋಟ ಕೆಳಗಿಟ್ಟೆ.

“ಮನೆಗೆ ಬಂದವಳೇ ಹೇಳಿದ್ಲು. ಹಾವು ಕಚ್ಚಿತು, ಸಾರ್‌ಗೆ ತೋರಿಸಿದೆ, ಏನೂ ಆಗಲ್ಲ ಅಂದ್ರು ಅಂತ. ನಾನೂ ಸರಿ ಅಂದೆ. ಸಾರ್ ಹೇಳಿದ್ಮೇಲೆ ಮುಗೀತಲ್ಲ. ಸ್ವಲ್ಪ ಮಲಕ್ಕೋ, ಎದ್ಮೇಲೆ ಟೀ ಕೊಡ್ತೀನಿ ಅಂದೆ. ಒಂದೂವರೆ ಗಂಟೆ ಮಲಗಿಸಿಬಿಟ್ಟೆ ಅಮ್ಮಾ ನಾನು. ನಾನೇ ಮಲಗಿಸಿದ್ದು.” ಅವರು ಮೆಣಸನ್ನು ಅಂಗೈಯಿಂದ ಸವರುತ್ತಲೇ ಇದ್ದರು. “ಪೊಲೀಸ್ನೋರ ಹತ್ರ ಯಾಕೆ ಹೇಳ್ಲಿ? ಸಾರ್ ಬೇಕೂಂತ ಮಾಡಿದ್ದಲ್ಲ. ಅವಳಿಗೆ ಸಾರ್ ಅಂದ್ರೆ ಪ್ರಾಣ. ನನಗೂ ಈ ತಪ್ಪು ಇದೆ, ಅವರಿಗೂ ಇದೆ. ಊರಲ್ಲಿ ಇನ್ನಾರಿಗೂ ಇಲ್ಲ. ಅವರು ಬಂದೇ ಬರ್ತಾರೆ, ಬಂದ್ರೆ ಇಬ್ರೂ ಕೂತು ಒಂದ್ಸಲ ಅತ್ತುಬಿಡಬಹುದು ಅಂತ ಕಾದೆ. ಆದ್ರೆ ನನ್ನ ಕಂಡ್ರೆ ಅವರು ಬಸ್ಸಿಂದ ಇಳಿದು ಹೋಗ್ತಿದ್ರು. ಆಮೇಲಾಮೇಲೆ ನಾನೂ ಬಿಟ್ಬಿಟ್ಟೆ. ಲೈನಿನೋರ ಹೆಂಗಸು ಸತ್ರೆ ಅವರಿಗೆಲ್ಲ ಏನು ಅಂತ.”

“ಇಲ್ಲ ಮಣಿಯಣ್ಣ, ಹಾಗಲ್ಲ!” ಎಂದು ಕೂಗಿದೆ. “ಅವರು ಬರ್ಬೇಕು ಅಂತಿದ್ರು. ಮರುದಿನವೇ ಬರೋರಿದ್ರು. ಪ್ರತಿ ವರ್ಷ ಕೇಳಿದ್ದಾರೆ. ಬೇಡ ಅಂದದ್ದು ನಾನು.”

ಮಣಿಯಣ್ಣನ ಕೈ ನಿಂತಿತು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

“ಯಾಕಮ್ಮಾ?” ಎಂದರು. ಅಷ್ಟೇ ಕೇಳಿ, ನನ್ನ ಮುಖ ನೋಡುತ್ತಾ ಕೂತರು.

ಉತ್ತರ ನನಗೆ ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.